ಶೋಕೇಸಿಗೆ ಹೋದ ಬೆಂಡೆಕಾಯಿ ಹೂ

ಕೆಲಸ ನಾನು ಮಾಡುವುದು, ಹೊಗಳಿಕೆ ನನ್ನ ಗಂಡನಿಗೆ, ಅಂದರೆ ನಮ್ಮವರಿಗೆ, ಸಿಗುವುದು. ನಮ್ಮ ಮನೆಯಲ್ಲಿ ಇದು ನಲ್ಲಿಯಲ್ಲಿ ನೀರು ಬರುವಷ್ಟು ಮಾಮೂಲು. ನೀರಾದರೂ ಕೆಲವು ದಿನ ಬರುವುದಿಲ್ಲ, ಇದು ತಪ್ಪುವುದಿಲ್ಲ. ನನಗೆ ಹೊಟ್ಟೆಕಿಚ್ಚು ಆಗುತ್ತದೆ. ಆಗುವುದಿಲ್ಲ ಎಂದು ಸುಳ್ಳು ಹೇಳುವ ವಯಸ್ಸು ದಾಟಿದೆ. ಎದೆ ಉರಿಗೆ ಡಾಕ್ಟರು ಗುಲಾಬಿ ಬಣ್ಣದ ಸಿರಪ್ ಕೊಟ್ಟಿದ್ದಾರೆ. ಅದನ್ನು ಕುಡಿದು ಬಾಯಿ ಒರೆಸುವಷ್ಟರಲ್ಲಿ ಯಾರಾದರೂ ಬಂದು ನಮ್ಮವರನ್ನು ಹೊಗಳುತ್ತಾರೆ, ಉರಿ ಪುನಃ ಶುರು.

ವಿಷಯ ಎಂತ ಎಂದರೆ, ನಾನು ಗ್ರೀಟಿಂಗ್ ಕಾರ್ಡ್ ಮಾಡುತ್ತೇನೆ. ದಪ್ಪ ಕಾಗದ ಮಡಚಿ, ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂ. ಬಟಾಟೆಯಲ್ಲಿ ಕೆತ್ತಿ ಒತ್ತಿದರೆ ಎಲೆ. ಹಳೆಯ ಟೂತ್‌ಬ್ರಶ್ಶಿನಿಂದ ಬಣ್ಣ ಚಿಮುಕಿಸಿದರೆ ಮಳೆ. ಬರ್ತ್‌ಡೇ, ಮನೆ ಒಕ್ಕಲು, ದೀಪಾವಳಿ, ಈದ್, ಕ್ರಿಸ್ಮಸ್, ಯಾವುದಿದ್ದರೂ ಕುದ್ರೋಳಿಯ ನಮ್ಮ ಫ್ಲ್ಯಾಟಿನಿಂದ ಒಂದು ಕಾರ್ಡ್ ಹೊರಡುತ್ತದೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಒಬ್ಬರೂ ಎರಡನೇ ಸಲ ತಿರುಗಿಸಿ ನೋಡಿದ್ದಿಲ್ಲ.

ನನ್ನ ಆಸೆ ದೊಡ್ಡದೇನೂ ಅಲ್ಲ. ತೊಕ್ಕೊಟ್ಟಿನಲ್ಲಿ ಮೈದುನನ ಮನೆಯಲ್ಲಿರುವ ಅತ್ತೆಯ ಹತ್ತಿರ ಒಂದು ಗಾಜಿನ ಶೋಕೇಸ್ ಉಂಟು. ಮೆಚ್ಚಿಕೆಯಾದದ್ದನ್ನು ಮಾತ್ರ ಅತ್ತೆ ಅದರೊಳಗೆ ಇಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮಾವ ಮೀನಿಗೆ ಹೋಗುತ್ತಿದ್ದ ದೋಣಿಯ ಮರದ ಮಾದರಿ, ಮೊಮ್ಮಗ ಓಟದಲ್ಲಿ ಗೆದ್ದ ಕಪ್, ಮುಂಬೈಯಿಂದ ಯಾರೋ ತಂದ ಪಿಂಗಾಣಿ ಬಾತುಕೋಳಿ, ಎಲ್ಲ ಒಳಗುಂಟು. ನಾನು ಕೊಟ್ಟ ಕಾರ್ಡುಗಳು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಅಡಿಯಲ್ಲಿ ಉಂಟು, ಎಣ್ಣೆ ಹೀರಲಿಕ್ಕೆ. ಒಂದೇ ಒಂದು ಕಾರ್ಡ್ ಆ ಬಾತುಕೋಳಿಯ ಪಕ್ಕ ನಿಲ್ಲಬೇಕು ಎನ್ನುವುದು ನನ್ನ ಆಸೆ.

೧. ಸೊಸೈಟಿಯ ಪೆಟ್ಟು

ನಮ್ಮವರು ಒಂದು ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ ಜೀವಮಾನವಿಡೀ ಸೀಲ್ ಹೊಡೆದವರು. ರಿಟೈರ್ ಆದ ಮೇಲೆ ಕೈಗೆ ಕೆಲಸ ಇಲ್ಲದೆ ನನ್ನ ಮೇಜಿನ ಹತ್ತಿರ ಸುತ್ತತೊಡಗಿದರು. ನಾನು ಒತ್ತುವುದನ್ನು ಸ್ವಲ್ಪ ಹೊತ್ತು ನೋಡಿ, ಇದೆಂತ ದೊಡ್ಡ ವಿದ್ಯೆ, ಕೊಡು ಇಲ್ಲಿ ಎಂದರು. ಬಟಾಟೆಯ ಅಚ್ಚು ಕೊಟ್ಟೆ. ಅದನ್ನು ಬಣ್ಣದಲ್ಲಿ ಅದ್ದಿ, ಕಿವಿಯವರೆಗೆ ಎತ್ತಿ, ಧಡ್ ಎಂದು ಹೊಡೆದರು. ಅಚ್ಚು ಎರಡು ಹೋಳಾಯಿತು, ಬಣ್ಣ ಕ್ಯಾಲೆಂಡರಿನವರೆಗೆ ಹಾರಿತು. ಕೆಳಗಿನ ಮನೆಯವರು ಮೇಲೆ ಬಂದು ಟೈಲ್ಸ್ ಒಡೆಸ್ತಾ ಇದ್ದೀರಾ ಎಂದು ಕೇಳಿದರು.

ಮೆಲ್ಲಗೆ ಒತ್ತಬೇಕು ಎಂದೆ. ಗಟ್ಟಿ ಹೊಡೆಯದಿದ್ದರೆ ಸೀಲ್ ಪಾಸಾಗುವುದಿಲ್ಲ ಎಂದು ನನಗೇ ಪಾಠ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಸೀಲ್ ಹೊಡೆದ ಮೇಲೆ ಅದರ ಅಡಿಗೆ ಚಿಕ್ಕ ಸಹಿ ಹಾಕಿ ಓರೆ ಗೆರೆ ಎಳೆಯುವುದು ಅವರ ಹಳೆಯ ಅಭ್ಯಾಸ. ಅಚ್ಚಿನ ಹೋಳಿನಿಂದಲೇ ಕಾರ್ಡಿನ ಮರಕ್ಕೆ ಎಲೆ ಹೊಡೆದರು, ಪ್ರತಿ ಎಲೆಯ ಅಡಿಯಲ್ಲೂ ಸಹಿ ಬಿತ್ತು. ಮರ ಪೂರ್ತಿ ಮಂಜೂರಾದ ಹಾಗಾಯಿತು.

ಕಸಕ್ಕೆ ಹಾಕಲು ಎತ್ತಿಟ್ಟ ಆ ಕಾರ್ಡ್ ಎದುರು ಫ್ಲ್ಯಾಟಿನ ಅಕ್ಕನ ಕಣ್ಣಿಗೆ ಬಿತ್ತು. ದೊಡ್ಡ ಹೋಟೆಲಿನವರ ಮನೆಯ ಹೆಂಗಸು, ಮನೆಯಲ್ಲಿ ಗೋಡೆಗೊಂದು ಪೇಂಟಿಂಗ್. ಅವರು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದು ಮಾಡರ್ನ್ ಆರ್ಟ್ ಅಲ್ವಾ ಎಂದರು. ನಮ್ಮವರು ಹೌದು ಎಂದರು. ಅಕ್ಕ ಅದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದ್ದಾರೆ. ಅವರ ಮಗಳ ಮದುವೆಗೆ ನಾನು ಮೂರು ದಿನ ಕೂತು ಮಾಡಿದ ಕಾರ್ಡ್ ಎಲ್ಲಿ ಎಂದು ಕೇಳಿದೆ. ಬಹಳ ಉಪಕಾರ ಆಯಿತು, ಫ್ರೇಮಿನ ಹಿಂದೆ ಸಂದು ಇತ್ತು, ಅದನ್ನು ಮಡಚಿ ಇಟ್ಟಿದ್ದೇನೆ ಎಂದರು.

೨. ತರಕಾರಿ ಪರೀಕ್ಷೆ

ಹಂಪನಕಟ್ಟೆಯ ಹತ್ತಿರ ನಾನು ಯಾವಾಗಲೂ ಹೋಗುವ ತರಕಾರಿ ಅಂಗಡಿ ಉಂಟು. ಬೆಂಡೆಕಾಯಿ ಎಳತೋ ಬಲಿತದ್ದೋ ಎಂದು ನೋಡಲು ತುದಿ ಮುರಿದರೆ ಅಂಗಡಿಯವ ಮೈಮೇಲೆ ಬರುತ್ತಾನೆ. ಮುರಿದದ್ದನ್ನು ಯಾರು ತೆಗೊಳ್ತಾರೆ ಎಂದು ನಾಲ್ಕು ಜನರ ಎದುರು ಕೇಳುತ್ತಾನೆ. ನಾನು ತಲೆತಗ್ಗಿಸಿ, ಮುರಿದದ್ದನ್ನೇ ತಂದು ಪಲ್ಯ ಮಾಡಿದ್ದುಂಟು.

ಒಂದು ದಿನ ನಮ್ಮವರು ಜೊತೆಗೆ ಬಂದರು. ಬೆಂಡೆಕಾಯಿಗೆ ಕೈ ಹಾಕಿ, ಕಿಸೆಯಿಂದ ಚಾಕು ತೆಗೆದು, ಒಂದರ ನಡುವಿಗೇ ಕೊಯ್ದು ಒಳಗೆ ನೋಡಿದರು. ಸರಿಯಿಲ್ಲ. ಇನ್ನೊಂದು ಕೊಯ್ದರು. ನನ್ನ ಎದೆ ಹೊಡೆದುಕೊಂಡಿತು, ಸಂತೋಷಕ್ಕೆ. ಇವತ್ತು ಇವರಿಗೆ ಸರಿಯಾಗಿ ಬೀಳುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ನಿಂತೆ.

ಅಂಗಡಿಯವ ಎಂತ ನೋಡ್ತಾ ಇದ್ದೀರಿ ಸಾರ್ ಎಂದು ಕೇಳಿದ. ಕಾರ್ಡಿಗೆ ಹೂ ಒತ್ತಲಿಕ್ಕೆ, ಅಚ್ಚು ಸಮ ಬರಬೇಕು ಎಂದರು ಇವರು. ಅವನ ಮುಖ ಅರಳಿತು. ಒಳಗಿನಿಂದ ಬೇರೆ ಬುಟ್ಟಿ ತರಿಸಿದ, ಸ್ಟೂಲ್ ಹಾಕಿದ, ಹಾಗಲಕಾಯಿ ಆಗಬಹುದಾ ಸಾರ್ ಎಂದು ಅದನ್ನೂ ತಾನೇ ಕೊಯ್ದು ತೋರಿಸಿದ. ಕೊಯ್ದದ್ದಕ್ಕೆ ಯಾವುದಕ್ಕೂ ದುಡ್ಡು ಬೇಡ ಎಂದ. ಹೊರಡುವಾಗ ನನ್ನ ಕೈಗೆ ಚೀಲ ಕೊಟ್ಟು ಕೇಳಿದ: “ನೀವು ಕೂಡ ಅವರಿಗೆ ಸ್ವಲ್ಪ ಹೆಲ್ಪ್ ಮಾಡ್ತೀರಾ?”

೩. ಯಾರದ್ದೋ ಕೈ

ನಮ್ಮ ರಸ್ತೆಯ ಮಹಿಳಾ ಮಂಡಳಿಯವರಿಗೆ ಕಾರ್ಡ್ ಮಾಡುವುದು ಕಲಿಯಬೇಕು ಎನಿಸಿತು. ಅಧ್ಯಕ್ಷೆಯೇ ಮನೆಗೆ ಬಂದರು. ನಾನು ಚಾ ಮಾಡಿ ತರುವಷ್ಟರಲ್ಲಿ ನಮ್ಮವರಿಗೆ ಆಮಂತ್ರಣ ಮುಗಿದಿತ್ತು. ನಾನು ಅದೇ ಮಂಡಳಿಯ ಸದಸ್ಯೆ ಎಂದು ಅಧ್ಯಕ್ಷೆಗೆ ನೆನಪಿಸಿದೆ. ಗೊತ್ತುಂಟಲ್ಲ, ಅದಕ್ಕೇ ನೀವು ಬೇಗ ಬಂದು ಕುರ್ಚಿ ಹಾಕಿಸಬೇಕು ಎಂದರು.

ಆ ದಿನ ಇವರು ಮೈಕ್ ಹಿಡಿದು ಸೀಲಿನ ಇತಿಹಾಸ ಹೇಳಿದರು. ಸಾಲದ ಅರ್ಜಿ, ಜಾಮೀನು, ಎಲ್ಲ ಬಂತು, ಕಾರ್ಡ್ ಮಾತ್ರ ಬರಲಿಲ್ಲ. ಕೊನೆಗೆ ಹೆಂಗಸರು ಮಾಡಿ ತೋರಿಸಿ ಎಂದಾಗ ಇವರು ನನ್ನ ಕಡೆ ನೋಡಿದರು. ನಾನು ಮೇಜಿನ ಬದಿಯಲ್ಲಿ ಕೂತು ಸ್ಪಂಜಿನಿಂದ ಬಣ್ಣ ತಟ್ಟಿದೆ, ಹೂ ಒತ್ತಿದೆ, ಬಟಾಟೆ ಕೆತ್ತಿದೆ. ಶಾಲು ಮತ್ತು ಹಣ್ಣಿನ ಬುಟ್ಟಿ ಇವರಿಗೆ ಸಿಕ್ಕಿತು. ಬುಟ್ಟಿಯನ್ನು ಮನೆಯವರೆಗೆ ಹೊತ್ತದ್ದು ನಾನು.

ಸಂಜೆ ವಾಟ್ಸಾಪಿನಲ್ಲಿ ಫೋಟೋ ಬಂತು. ನಡುವೆ ಶಾಲು ಹೊದ್ದ ನಮ್ಮವರು, ಸುತ್ತ ಮಂಡಳಿಯವರು, ಬಲಗಡೆ ಮೂಲೆಯಲ್ಲಿ ಸ್ಪಂಜ್ ಹಿಡಿದ ಒಂದು ಕೈ. ಮೊಣಕೈಯಿಂದ ಆಚೆ ಫೋಟೋ ಮುಗಿದಿತ್ತು. ನಾದಿನಿ ಸುರತ್ಕಲ್‌ನಿಂದ ಫೋನ್ ಮಾಡಿ ಅಣ್ಣನನ್ನು ಬಾಯಿತುಂಬ ಹೊಗಳಿದಳು. ಆಮೇಲೆ ದನಿ ತಗ್ಗಿಸಿ ನನ್ನಲ್ಲಿ ಕೇಳಿದಳು: “ಅತ್ತಿಗೆ, ಅಣ್ಣನ ಹತ್ತಿರ ಸ್ಪಂಜ್ ಹಿಡಿದು ಕೂತ ಆ ಹೆಂಗಸು ಯಾರು? ನೀವು ಸ್ವಲ್ಪ ಜಾಗ್ರತೆ ಮಾಡಿ ಆಯ್ತಾ.”

೪. ಬೀಗ ತೆರೆದ ದಿನ

ಅತ್ತೆಗೆ ಎಂಬತ್ತು ತುಂಬಿದ ಹುಟ್ಟುಹಬ್ಬ ಬಂತು. ಇದು ನನ್ನ ಕೊನೆಯ ಅವಕಾಶ ಎಂದು ನನಗೆ ಅನಿಸಿತು. ನಮ್ಮವರೂ ಒಂದು ಕಾರ್ಡ್ ಮಾಡುತ್ತೇನೆ ಎಂದು ಬಾಗಿಲು ಹಾಕಿ ಕೋಣೆಯಲ್ಲಿ ಕೂತರು. ಧಡ್ ಧಡ್ ಎಂದು ಕೇಳುತ್ತಿತ್ತು. ಅದು ಶೋಕೇಸಿಗೆ ಹೋಗುವುದು ಗ್ಯಾರಂಟಿ ಎಂದು ನನಗೆ ಗೊತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ನಾನು ಅಡುಗೆಮನೆಯಲ್ಲಿ ಕೂತು ನನ್ನ ವಿದ್ಯೆ ಪೂರ್ತಿ ಹಾಕಿದೆ. ನೀಲಿ ಕಾಗದದ ಮೇಲೆ ಸ್ಪಂಜಿನಿಂದ ಅಲೆ. ತೆರೆದರೆ ಎದ್ದುನಿಲ್ಲುವ ದೋಣಿ, ಮಾವನ ದೋಣಿಯದ್ದೇ ಆಕಾರ. ಬಂಗುಡೆ ಮೀನಿನ ಬಾಲಕ್ಕೆ ಬಣ್ಣ ಹಚ್ಚಿ ಒತ್ತಿದೆ, ಗೆರೆ ಗೆರೆಯಾಗಿ ಬಂತು. ಬಾಲ ಕತ್ತರಿಸಿ ಉಳಿದ ಬಂಗುಡೆ ಮಧ್ಯಾಹ್ನದ ಗಸಿಗೆ ಹೋಯಿತು.

ಮುಗಿದ ಮೇಲೆ ನೋಡುತ್ತಾ ಕೂತೆ. ಇಷ್ಟು ಚಂದದ ಕಾರ್ಡ್ ಕೂಡ ನನ್ನ ಹೆಸರು ನೋಡಿದರೆ ಭರಣಿಯ ಅಡಿಗೇ ಹೋಗುತ್ತದೆ ಎನಿಸಿ ದುಃಖ ಬಂತು. ಹೆಸರು ಹೋಗದಿದ್ದರೂ ಪರವಾಗಿಲ್ಲ, ಕಾರ್ಡ್ ಆದರೂ ಒಳಗೆ ಹೋಗಲಿ. ಪೆನ್ನು ತೆಗೆದು ದೋಣಿಯ ಅಡಿಯಲ್ಲಿ ನಮ್ಮವರ ಚಿಕ್ಕ ಸಹಿ ಹಾಕಿ ಓರೆ ಗೆರೆ ಎಳೆದೆ. ಮನೆಯಲ್ಲಿ ಎಲ್ಲಿ ನೋಡಿದರೂ ಅದೇ ಸಹಿ, ಕಲಿಯಲು ಕಷ್ಟ ಇರಲಿಲ್ಲ. ಮಗನ ಹೆಸರಿನಲ್ಲಿ ಎರಡು ಕಾರ್ಡಾದರೆ ಅತ್ತೆ ಎರಡನ್ನೂ ಇಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ತೊಕ್ಕೊಟ್ಟಿನಲ್ಲಿ ಊಟ ಆದ ಮೇಲೆ ಅತ್ತೆ ಎರಡು ಕವರನ್ನೂ ಮಡಿಲಲ್ಲಿಟ್ಟುಕೊಂಡರು. ಮೊದಲು ತೆರೆದದ್ದು ನನ್ನದು. ದೋಣಿ ಎದ್ದುನಿಂತಿತು. ಅತ್ತೆ ಸಹಿ ನೋಡಿದರು, ಮಗನ ಮುಖ ನೋಡಿದರು, ಹ್ಞೂಂ ಎಂದು ಮಡಚಿ ಪಕ್ಕಕ್ಕಿಟ್ಟರು. ಎರಡನೆಯದು ತೆರೆದರು. ಏಡಿ ಕಾಲು ಚಾಚಿದ ಹಾಗೆ ಜಜ್ಜಿಹೋದ ಬೆಂಡೆಕಾಯಿ ಹೂಗಳು. ಒಂದರ ಅಡಿಯಲ್ಲೂ ಸಹಿ ಇಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಅತ್ತೆಗೆ, ನಿಮ್ಮ ದೊಡ್ಡ ಸೊಸೆಯಿಂದ’ ಎಂದು ಬರೆದಿತ್ತು.

ನಾನು ನಮ್ಮವರನ್ನು ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ಅತ್ತೆ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಸೊಂಟದಿಂದ ಕೀಲಿಕೈ ತೆಗೆದು, ಬಾತುಕೋಳಿಯನ್ನು ಬದಿಗೆ ಸರಿಸಿ ಅದನ್ನು ಎದುರಿಗೇ ನಿಲ್ಲಿಸಿ ಬೀಗ ಹಾಕಿದರು. ನನ್ನ ಕಣ್ಣು ತುಂಬಿತು, ಯಾವುದಕ್ಕೆ ಎಂದು ನನಗೇ ತಿಳಿಯಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಇವರನ್ನು ಹಿತ್ತಿಲಿಗೆ ಕರೆದು ಇದೆಂತ ಮಾಡಿದ್ದು ಎಂದು ಕೇಳಿದೆ.

“ಒಂದು ಸಲವಾದ್ರೂ ನಿನ್ನ ಹೆಸರು ಅದರೊಳಗೆ ಹೋಗ್ಲಿ ಅಂತ ಮಾರಾಯ್ತಿ,” ಎಂದರು. “ಸಹಿ ಹಾಕದೆ ಸೀಲ್ ಹೊಡೆದದ್ದು ನನ್ನ ಜೀವನದಲ್ಲಿ ಇದೇ ಸುರು.” ಆಮೇಲೆ ಸ್ವಲ್ಪ ಯೋಚಿಸಿ, ದೋಣಿಯ ಅಡಿಯಲ್ಲಿ ತಮ್ಮ ಸಹಿ ಹಾಕಿದ್ದು ಯಾರು ಎಂದು ಕೇಳಿದರು. ನಾನು ನೀರಿನ ನಲ್ಲಿ ದೊಡ್ಡದು ಮಾಡಿದೆ.

ಹೊರಡುವಾಗ ಅತ್ತೆ ನನ್ನನ್ನು ಮಾತ್ರ ಒಳಗೆ ಕರೆದರು. ನನ್ನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸವರಿದರು.

“ನಿನ್ನ ಕೈಯಲ್ಲಿ ಕಲೆ ಉಂಟು ಮಗಾ, ಇಷ್ಟು ದಿನ ನನಗೆ ಗೊತ್ತಾಗ್ಲಿಲ್ಲ. ಅವನಿಗೂ ಸ್ವಲ್ಪ ಹೇಳಿಕೊಡು. ಆ ದೋಣಿ ಕಾರ್ಡನ್ನು ನಾನು ಭರಣಿಯ ಅಡಿಗೆ ಇಟ್ಟಿದ್ದೇನೆ. ಅವನಿಗೆ ಹೇಳ್ಬೇಡ, ಪಾಪ, ಅವನಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾದೀತು.”