ಮಗ್ಗದೂರಿನ ಲೋಲಕ

ಬೆಳಿಗ್ಗೆ ಹತ್ತೂವರೆಗೆ ಮೊಳಕಾಲ್ಮೂರಿನ ಪ್ರೌಢಶಾಲೆಯಲ್ಲಿ ಭೂಮಿಯ ಗುರುತ್ವ ಇದ್ದಕ್ಕಿದ್ದಂತೆ ನಾಲ್ಕು ಪಟ್ಟಾಯಿತು. ಪುಸ್ತಕದಲ್ಲಿ ಒಂಬತ್ತು ಚಿಲ್ಲರೆ ಇರುವ ಅಂಕಿ, ಹತ್ತನೇ ತರಗತಿಯ ಮಕ್ಕಳು ದಾರಕ್ಕೆ ಗುಂಡು ಕಟ್ಟಿದ ಲೋಲಕ ತೂಗಾಡಿಸಿ, ತೂಗಾಟ ಎಣಿಸಿ ಲೆಕ್ಕ ಹಾಕಿದರೆ ಮೂವತ್ತೊಂಬತ್ತು ಬಂತು. ಒಬ್ಬರಿಗಲ್ಲ, ಇಪ್ಪತ್ತೆರಡು ಮಕ್ಕಳಿಗೂ.

ವಿಜ್ಞಾನದ ಮೇಷ್ಟ್ರು ಮರುಳಪ್ಪ ಗಡಿಯಾರ ನೋಡಿಕೊಂಡ. ಮಧ್ಯಾಹ್ನ ಮೂರಕ್ಕೆ ವಿಷಯ ಪರಿವೀಕ್ಷಕರು ಬರುವವರಿದ್ದರು. ಮಕ್ಕಳು ಕೈಯಾರೆ ಅಳೆದು ತೋರಿಸಿ ಭೇಷ್ ಅನ್ನಿಸಿಕೊಂಡರೆ, ಅವನನ್ನು ಚಳ್ಳಕೆರೆಗೆ ಬಿಟ್ಟುಕೊಡುವ ವರ್ಗಾವಣೆ ಪತ್ರಕ್ಕೆ ಸಹಿ ಹಾಕುವುದಾಗಿ ಮುಖ್ಯೋಪಾಧ್ಯಾಯಿನಿ ದ್ರಾಕ್ಷಾಯಣಮ್ಮ ಹೇಳಿದ್ದರು. ಹೆಂಡತಿ ರೇಣುಕಮ್ಮ ಚಳ್ಳಕೆರೆಯಲ್ಲಿ ನರ್ಸು. ಅವಳು ಮೂರು ವರ್ಷದ ಮಗಳೊಂದಿಗೆ ಅಲ್ಲಿ, ಇವನು ಸೀಮೆಎಣ್ಣೆ ಸ್ಟವ್ವಿನೊಂದಿಗೆ ಇಲ್ಲಿ. ವಾರಕ್ಕೊಮ್ಮೆ ಹೋದಾಗ ಮಗಳು ಬಾಗಿಲ ಸಂದಿಯಿಂದ ಇಣುಕಿ, "ಅವ್ವಾ, ಬ್ಯಾಗಿನ ಮಾಮ ಬಂದ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಅವನು ತಂದ ಬಿಸ್ಕತ್ತಿನ ಪೊಟ್ಟಣ ಕೈಯಲ್ಲೇ ಪುಡಿಯಾಗುತ್ತಿತ್ತು.

"ಮೂವತ್ತೊಂಬತ್ತಾ?" ವ್ಯಾಯಾಮದ ಮೇಷ್ಟ್ರು ಪಾಲಣ್ಣ ಕೊರಳಿನ ಸೀಟಿ ತಿರುಗಿಸುತ್ತಾ ಒಳಗೆ ಬಂದರು. "ಅಷ್ಟು ಎಳೆದ್ರೆ ನಮ್ ಹುಡುಗ್ರು ಹೈಜಂಪ್ ಎಂಗ್ ಹಾರ್ತಾರ್ರೀ? ನಿಮ್ ಗಡಿಯಾರ ಕೆಟ್ಟೈತೆ. ನಂದು ತಗೊಳ್ಳಿ."

ಪಾಲಣ್ಣನ ಸ್ಟಾಪ್‌ವಾಚು ಹಿಡಿದು ಅಳೆದರೂ ಮಕ್ಕಳಿಗೆ ಮೂವತ್ತೊಂಬತ್ತೇ ಬಂತು.

ಕನ್ನಡದ ಗೀತಮ್ಮ ಮೇಡಂ ಕಿಟಕಿಯಾಚೆಯ ಬಂಡೆಗುಡ್ಡ ನೋಡಿ ಹೇಳಿದರು, "ಈ ಸೀಮೇಲಿ ಬರೀ ಕಲ್ಲು. ಕಲ್ಲು ಜಾಸ್ತಿ ಇದ್ರೆ ಎಳೆತಾನೂ ಜಾಸ್ತಿ ಇರ್ಬೋದು. ಇರೋದನ್ನ ಇದ್ದಂಗೆ ಬರೆಸ್ಬಿಡಿ, ಮೇಷ್ಟ್ರೇ."

"ಮೇಡಂ, ದಯವಿಟ್ಟು..." ಅಂದ ಮರುಳಪ್ಪ. ದಾರವನ್ನು ಮೂರು ಸಲ ಅಳೆದ. ಸರಿಯಾಗಿ ಒಂದು ಮೀಟರ್.

"ಸ್ಟ್ಯಾಂಡು ಹಲ್ಲುನೋವಿನ ಮುದುಕನ ಹಲ್ಲಿದ್ದಂಗೆ ಅಲುಗಾಡ್ತೈತೆ. ಫ್ಯಾನಿಗೆ ಕಟ್ರೀ," ಅಂದರು ಪಾಲಣ್ಣ. ಕರೆಂಟು ಹೋಗಿತ್ತು, ಹೋದರೆ ಒಂದು ಗಂಟೆಯ ತನಕ ಬರುವ ಪೈಕಿಯಲ್ಲ. ಮರುಳಪ್ಪ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ ಫ್ಯಾನಿನ ರೆಕ್ಕೆಗೆ ದಾರ ಕಟ್ಟಿದ. ಗಂಟು ಬಿಗಿದು ಕೆಳಗಿಳಿದನೋ ಇಲ್ಲವೋ, ಕರೆಂಟು ಬಂತು.

ಲೋಹದ ಗುಂಡು ಮೂರು ಸುತ್ತು ಸುತ್ತಿತು. ಮಕ್ಕಳು ಬೆಂಚಿನಡಿ ಸೇರಿದರು, ಪಾಲಣ್ಣ ಎಲ್ಲರಿಗಿಂತ ಮೊದಲು ಸೇರಿದರು. ನಾಲ್ಕನೇ ಸುತ್ತಿಗೆ ದಾರ ಹರಿದು ಗುಂಡು ಕಿಟಕಿಯಿಂದ ಹಾರಿಹೋಯಿತು.

"ಅಯ್ಯೋ ದೇವುಡಾ!" ಅಂತ ಗೇಟಿನ ಕಡೆಯಿಂದ ಕೂಗು ಕೇಳಿತು.

ಗೇಟಿನ ಬಳಿ ಮೆಣಸಿನಕಾಯಿ ಬಜ್ಜಿ ಮಾರುವ ಕೊಲ್ಲಾಪುರಮ್ಮ, ಮುಖಕ್ಕೆಲ್ಲ ಕಡ್ಲೆಹಿಟ್ಟು ಸಿಡಿಸಿಕೊಂಡು ಒಳಗೆ ಬಂದಳು. ಅಂಗೈಯಲ್ಲಿ ಹಿಟ್ಟು ಮೆತ್ತಿದ ಗುಂಡು. "ಏನ್ ಸಾರ್, ಬಜ್ಜಿ ಬೇಕಾದ್ರೆ ಬಾಯಲ್ಲಿ ಕೇಳ್ಬಾರ್ದಾ?"

ಮರುಳಪ್ಪ ಕೈಮುಗಿದ. ಗುಂಡು ತೊಳೆದು ಮತ್ತೆ ಸ್ಟ್ಯಾಂಡಿಗೇ ಕಟ್ಟಿದ. ಈ ಸಲ ತಾನೇ ಎಣಿಸಿದ. ಒಂಬತ್ತು ಚಿಲ್ಲರೆ! ಅವನಿಗೆ ಬಂದದ್ದು ಮಕ್ಕಳಿಗೇಕೆ ಬರಲಿಲ್ಲ? ಅಲ್ಲಿಯವರೆಗೆ ಎಲ್ಲರೂ ಮನಸ್ಸಿನಲ್ಲೇ ಎಣಿಸಿದ್ದರು.

"ಕಾಂಚನಾ, ಬಾಯಿಬಿಟ್ಟು ಎಣ್ಸವ್ವ."

ಗುಂಡು ಆಚೆ ಹೋಯಿತು. "ಒಂದು." ಈಚೆ ಬಂತು. "ಎರಡು."

"ಅಯ್ಯೋ, ಹೋಗಿ ಬಂದ್ರೆ ಒಂದು ಕಣವ್ವಾ! ಎರಡು ಅಂತ ಎಣ್ಸಿದ್ರೆ ಉತ್ತರ ನಾಲ್ಕು ಪಟ್ಟಾಗುತ್ತೆ!"

ನೇಕಾರ ಕಾಟಪ್ಪನ ಮಗಳು ಕಾಂಚನಾ ಮೇಷ್ಟ್ರನ್ನು ಅನುಮಾನದಿಂದ ನೋಡಿದಳು. "ಅದೆಂಗೆ ಸಾರ್? ಮಗ್ಗದಾಗೆ ನೂಲಿನ ಲಾಳಿ ಆಚೆ ಹೋದ್ರೆ ಒಂದೆಳೆ, ಈಚೆ ಬಂದ್ರೆ ಇನ್ನೊಂದೆಳೆ. ಮನೇಲಿ ಅಪ್ಪ ಹೂವಿನ ಎಳೆ ಹಾಕ್ವಾಗ ನಾನೇ ಎಣ್ಸೋದು."

ಇಪ್ಪತ್ತೆರಡು ತಲೆಗಳೂ ಹೌದೆಂದು ಆಡಿದವು. ಎಲ್ಲರ ಮನೆಯಲ್ಲೂ ಮಗ್ಗ.

ಮರುಳಪ್ಪ ಬೋರ್ಡಿನ ಮೇಲೆ ಚಿತ್ರ ಬರೆದ, ಬಾಣ ಬರೆದ, ಸ್ವತಃ ಅತ್ತಿಂದಿತ್ತ ಓಡಾಡಿದ. ಅರ್ಥವಾಗಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಕೊಲ್ಲಾಪುರಮ್ಮನೇ ಬಾಯಿ ಹಾಕಿದಳು. "ಲೇ ಹುಡುಗ್ರಾ, ಸಂತೆಗೆ ಹೋದೋರು ಮನೆಗೆ ವಾಪಸ್ ಬಂದ್ಮೇಲಲ್ವೇನ್ರೋ ಒಂದ್ಸಲ ಹೋಗ್ಬಂದ್ವಿ ಅನ್ನೋದು? ಅರ್ಧ ದಾರೀಲಿ ಯಾರಾದ್ರೂ ಲೆಕ್ಕ ಮುಗಿಸ್ತಾರಾ?"

"ಓ!" ಅಂದವು ಇಪ್ಪತ್ತೆರಡು ಬಾಯಿ.

"ಇನ್ಮೇಲೆ ಹೋಗಿ ಬಂದ್ರೇನೇ ಒಂದು!" ಮರುಳಪ್ಪ ಮೇಜು ಗುದ್ದಿದ. "ಶಾಲೇಲಾಗ್ಲಿ ಮನೇಲಾಗ್ಲಿ, ಹಂಗೇ ಎಣಿಸ್ಬೇಕು!"

ಮೂರು ಗಂಟೆಗೆ ಪರಿವೀಕ್ಷಕ ಮುರುಗೇಂದ್ರಪ್ಪ ಬಂದರು. ಯಾರನ್ನು ಕರೆದರೂ ಒಂಬತ್ತು ಪಾಯಿಂಟ್ ಎಂಟರ ಆಸುಪಾಸೇ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದ್ರಾಕ್ಷಾಯಣಮ್ಮ ಅಲ್ಲೇ ಪತ್ರಕ್ಕೆ ಸಹಿ ಹಾಕಿ, "ನಾಳೆ ಟಪಾಲಿಗೆ ಹಾಕ್ತೀನಿ, ಸಂತೋಷವಾಗಿ ಹೋಗಿ ಬನ್ನಿ" ಅಂದರು. ಆಮೇಲೆ, ಈ ಊರಿಗೆ ಬಂದವರೆಲ್ಲ ಮಾಡುವಂತೆ ಮುರುಗೇಂದ್ರಪ್ಪನವರೂ ಹೆಂಡತಿಗೊಂದು ರೇಷ್ಮೆ ಸೀರೆ ನೋಡಬೇಕೆಂದರು. ದ್ರಾಕ್ಷಾಯಣಮ್ಮ ಅವರನ್ನು ನೇಕಾರರ ಬೀದಿಗೆ ಕರೆದುಕೊಂಡು ಹೋದರು.

ಆರು ಗಂಟೆಗೆ ಮರುಳಪ್ಪ ಬಸ್‌ಸ್ಟ್ಯಾಂಡಿನಲ್ಲಿದ್ದ. ಸುದ್ದಿಯನ್ನು ಹೆಂಡತಿಗೆ ಮುಖ ಕಂಡೇ ಹೇಳಬೇಕು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ಹಿಂದಿನಿಂದ ಯಾರೋ ಬ್ಯಾಗು ಜಗ್ಗಿದರು. ತಿರುಗಿದರೆ ಕಾಟಪ್ಪ, ಅವನ ಬೆನ್ನಿಗೆ ನೇಕಾರರ ಬೀದಿಯೇ ಇತ್ತು.

"ಸಾರ್, ಹೋಗಿ ಬಂದ್ರೆ ಒಂದು ಅಂತ ನನ್ ಮಗಳಿಗೆ ಹೇಳ್ಕೊಟ್ಟೋರು ನೀವೇನಾ?"

ಮರುಳಪ್ಪ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟ. "ಅದು... ಲೋಲಕಕ್ಕೆ ಮಾತ್ರ..."

"ಸಾಯಂಕಾಲ ಅವಳ ಎಣಿಕೆ ನಂಬ್ಕೊಂಡು ಲಾಳಿ ಹಾಕ್ದೆ. ಎಳೆ ಎಲ್ಲ ಡಬಲ್ಲು! ಸೀರೆ ಮೇಲಿನ ಮಾವಿನಕಾಯಿ ಹೂವು ಹೋಗಿ ಪಡವಲಕಾಯಿ ಆಗೈತೆ!"

"ತಪ್ಪಾಯ್ತು ಕಾಟಪ್ಪ..."

"ತಪ್ಪಾ?" ಕಾಟಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ಇನ್‌ಸ್ಪೆಕ್ಟರ್ ಸಾಹೇಬ್ರು ಮಗ್ಗದ ಮುಂದೇನೇ ಕುಂತ್ಬಿಟ್ರು ಸಾರ್! ಇಂಥ ಹೂವು ಜನ್ಮದಲ್ಲಿ ನೋಡಿಲ್ಲ, ನಂಗೆ ಇದೇ ಬೇಕು ಅಂತ. ಹೆಡ್ ಮೇಡಮ್ಮೂ ಎರಡು ಸೀರೆ ಹೇಳಿದ್ರು. ಈಗ ಬೀದಿಯೋರೆಲ್ಲ ಇದೇ ಹೂವು ಹಾಕ್ತಾರಂತೆ. ಇಷ್ಟು ವಿದ್ಯೆ ಇರೋರನ್ನ ಬಿಟ್ಟುಕೊಡ್ತೀವಾ? ಸಾಹೇಬ್ರಿಗೆ ಕೈಮುಗಿದು ಕೇಳ್ಕೊಂಡ್ವಿ."

ಅವನು ಜೇಬಿನಿಂದ ಕಾಗದ ತೆಗೆದ. ಅದೇ ಪತ್ರ. ದ್ರಾಕ್ಷಾಯಣಮ್ಮನ ಸಹಿಯ ಮೇಲೆ ಅಡ್ಡಗೆರೆ, ಅದರ ಕೆಳಗೆ ಹಸಿರು ಶಾಯಿಯಲ್ಲಿ ಮುರುಗೇಂದ್ರಪ್ಪನವರ ಅಕ್ಷರ: 'ಅಪರೂಪದ ಶಿಕ್ಷಕರು. ಊರವರ ಕೋರಿಕೆಯಂತೆ ನಾಲ್ಕು ವರ್ಷ ಇಲ್ಲಿಂದ ಕದಲಿಸಬಾರದು.'

ಬಸ್ಸು ಹೊರಟುಹೋಯಿತು. "ನಾಲ್ಕು ವರ್ಷ..." ಅನ್ನುತ್ತಾ ಮರುಳಪ್ಪ ಕಲ್ಲುಬೆಂಚಿನ ಮೇಲೆ ಕುಸಿದ.

ಕಾಟಪ್ಪ ಬ್ಯಾಗನ್ನು ಹೆಗಲಿಗೇರಿಸಿ, ಪ್ರೀತಿಯಿಂದ ಅವನ ಬೆನ್ನು ಸವರಿದ.

"ನಾಲ್ಕು ನಮ್ ಲೆಕ್ಕದಾಗೆ ಸಾರ್. ನಿಮ್ ಲೆಕ್ಕದಾಗೆ ಎರಡೇ!"