ನಾಳೆ ಕಡಲಿಗೆ ಹೋಗಬಹುದಾ?

ಹವಾಮಾನ ಕಚೇರಿಯವನ ಮುಖ ಕಂಡಾಗ ಜನರಿಗೆ ಆಕಾಶ ನೆನಪಾಗುತ್ತದೆ, ಆಕಾಶ ಕೈಕೊಟ್ಟಾಗ ಅವನ ಮುಖ ನೆನಪಾಗುತ್ತದೆ. ಕರಾವಳಿಯ ಕುದ್ರೋಳಿಯಲ್ಲಿ ನಮ್ಮ ಪಕ್ಕದ ಮನೆಯ ಅಣ್ಣನವರಿಗೆ ಒಂದು ಸಣ್ಣ ಮೀನಿನ ದೋಣಿ ಇದೆ. ಆ ಕಚೇರಿಯವನಾದ ನನ್ನ ಮಾತು ತಪ್ಪಿದರೆ ಉಳಿದವರ ಬಟ್ಟೆ ಒದ್ದೆಯಾದೀತು ಅಷ್ಟೆ, ಅಣ್ಣನವರ ಜೀವವೇ ಹೋದೀತು. ಅವರು ನನ್ನನ್ನು ನಂಬಬೇಕೆಂಬುದೇ ನನ್ನ ದೊಡ್ಡ ಚಿಂತೆ.

1. ಪೈಪಿನ ಮಳೆ

ಕೆಲಸಕ್ಕೆ ಸೇರಿದ ಹೊಸತು. ಬೆಳಿಗ್ಗೆ ಮಳೆಮಾಪಕದಲ್ಲಿದ್ದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದೆ. ಮಳೆ ಬಂದದ್ದನ್ನು ಕಂಡೆಯಾ ಎಂದು ಹಿರಿಯ ಅಧಿಕಾರಿ ಕೇಳಿದರು. ಇಲ್ಲ, ಆದರೆ ಮಾಪಕ ಸುಳ್ಳು ಹೇಳುವುದಿಲ್ಲವಲ್ಲ ಎಂದೆ. ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ತೋಟದ ಕೆಲಸದಾತ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದ, ಮಾಪಕಕ್ಕೂ ಧಾರಾಳವಾಗಿ ಬೀಳುತ್ತಿತ್ತು.

"ಬರೆಯುವ ಮೊದಲು ಒಮ್ಮೆ ತಲೆ ಎತ್ತಿ ನೋಡು. ಇಲ್ಲದಿದ್ದರೆ ಇವನನ್ನೂ ಮೋಡಗಳ ಪಟ್ಟಿಗೆ ಸೇರಿಸಬೇಕಾದೀತು."

ನಾನು ಎಷ್ಟು ಪಳಗಿದ್ದೇನೆಂದು ತಿಳಿಯಲಿ ಎಂದು ಈ ಕಥೆಯನ್ನು ಅಣ್ಣನವರಿಗೆ ಹೇಳಿದೆ. ಇದ್ದ ನಂಬಿಕೆಯೂ ಹೋಯಿತು.

2. ಹಲಸಿನ ಹಪ್ಪಳ

ಒಂದು ಮೇ ತಿಂಗಳ ಬೆಳಿಗ್ಗೆ. ಸಂಜೆ ಗುಡುಗು, ಗಾಳಿ ಉಂಟು, ಹೋಗಬೇಡಿ ಎಂದು ಅಣ್ಣನವರಿಗೆ ಹೇಳಿದೆ. ಅವರು ನಮ್ಮ ತಾರಸಿಯತ್ತ ನೋಡಿದರು. ನನ್ನ ಹೆಂಡತಿ ಚಾಪೆ ತುಂಬ ಹಪ್ಪಳ ಒಣಗಲು ಹಾಕಿದ್ದಳು. ನಿಮ್ಮ ಮನೆಯವರಿಗೇ ನಂಬಿಕೆ ಇಲ್ಲವಲ್ಲ ಎಂದು ಹೊರಟೇಬಿಟ್ಟರು.

ಗಾಳಿ ಎದ್ದಿತು. ನಾನು ದಡದಲ್ಲಿ ನಿಂತು, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಕತ್ತಲಾಗುವಾಗ ಅವರು ನೆನೆದು ನಡುಗುತ್ತಾ ಬಂದರು. ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಿದೆ. ಅವಳು ತಣ್ಣಗೆ, "ನೀವು ಹೇಳಿದ್ದು ಸಂಜೆಗೆ ಅಂತ. ನಾನು ಮೂರು ಗಂಟೆಗೇ ತೆಗೆದೆನಲ್ಲ?" ಎಂದಳು.

ಮುನ್ಸೂಚನೆಯನ್ನು ಹೊತ್ತು ಸಮೇತ ಕೇಳಿಸಿಕೊಂಡವಳು ಊರಿನಲ್ಲಿ ಅವಳೊಬ್ಬಳೇ. ಅಂದಿನಿಂದ ಅಣ್ಣನವರು ಅವಳನ್ನೇ ಕೇಳತೊಡಗಿದರು.

3. ಬೈಗುಳ

ಕಳೆದ ಮಳೆಗಾಲದ ಕೊನೆಗೆ ಸಮುದ್ರದಲ್ಲಿ ವಾಯುಭಾರ ಕುಸಿದಿತ್ತು. ಈ ಸಲ ನಾನೇ ಹೋಗಿ, ಎರಡು ದಿನ ದೋಣಿ ಇಳಿಸಬೇಡಿ ಎಂದು ಕೈಮುಗಿದೆ. ಅವರು ಇಳಿಸಲಿಲ್ಲ. ಎರಡು ದಿನವೂ ಒಳ್ಳೆಯ ಬಿಸಿಲು, ಕಡಲು ಹಾಲಿನಂತೆ ಶಾಂತ. ಕಡಲಿಗೆ ಹೋದ ಬೇರೆಯವರು ಬುಟ್ಟಿ ತುಂಬ ಬಂಗುಡೆ ಮೀನು ತಂದರು. ಅಣ್ಣನವರ ಮನೆಯಲ್ಲಿ ಬರೀ ಗಂಜಿ, ಉಪ್ಪಿನಕಾಯಿ.

ಮೂರನೆಯ ದಿನ ನಾಚಿಕೆಯಿಂದ ಅವರ ಜಗಲಿ ಹತ್ತಿದೆ. ಗಾಳಿ ದಿಕ್ಕು ಬದಲಿಸಿ ಉತ್ತರಕ್ಕೆ ಹೋಯಿತೆಂದು ವಿವರಿಸತೊಡಗಿದ್ದೆ, ಅವರು ಬೈಯಲು ಶುರುಮಾಡಿದರು. ನನ್ನ ಕಣ್ಣು ಒದ್ದೆಯಾದದ್ದು ಕಂಡು ನಡುವೆ ನಿಲ್ಲಿಸಿದರು.

"ಬೇಜಾರು ಎಂತಕ್ಕೆ ಮಾರಾಯ್ರೆ? ನೀವು ಹೇಳಿದ್ದು ತಪ್ಪಾಯ್ತು, ನಾನು ಇಲ್ಲಿ ಕೂತು ಬೈತಾ ಇದ್ದೇನೆ. ಅದೇ ನಿಮ್ಮ ಮಾತು ಸರಿಯಾಗಿ, ನಾನು ಕೇಳದೆ ಕಡಲಿಗೆ ಹೋಗಿದ್ರೆ, ಇವತ್ತು ನಿಮಗೆ ಬೈಲಿಕ್ಕೆ ಯಾರುಂಟು?"

ಅಷ್ಟು ಹೇಳಿ, ನಿಲ್ಲಿಸಿದಲ್ಲಿಂದಲೇ ಬೈಗುಳ ಮುಂದುವರಿಸಿದರು. ನಾನು ಕೊನೆಯವರೆಗೂ ಕೂತು ಕೇಳಿದೆ.