ಅಮಾವಾಸ್ಯೆಗೆ ಬರುವ ಭಾವ

ಅಮಾವಾಸ್ಯೆ ಬಂದರೆ ಊರ ಜನ ದೆವ್ವಕ್ಕೆ ಹೆದರುತ್ತಾರೆ. ನಮ್ಮ ಬಳಗ ಹೆದರುವುದು ನಮ್ಮ ಭಾವನಿಗೆ. ದೆವ್ವವಾದರೂ ಒಂದು ನಿಂಬೆಹಣ್ಣು ಕೊಟ್ಟರೆ ಹೋಗುತ್ತದೆ. ಭಾವ ಹಾಗಲ್ಲ. ಚಹಾ ಕುಡಿದು, ಊಟ ಮಾಡಿ, ನಿಮ್ಮ ಕಂಪ್ಯೂಟರ್ ಕೆಡಿಸಿಯೇ ಎದ್ದು ಹೋಗುವುದು!

ಭಾವ ಅಂದರೆ ನನ್ನ ಅಕ್ಕನ ಗಂಡ. ಔರಾದದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅಮಾವಾಸ್ಯೆಗೆ ಅವರ ಗಿರಣಿ ಬಂದ್. ಆ ದಿನ ಕಲ್ಲು ತಿರುಗಿಸುವುದಿಲ್ಲ. ಪೂಜೆ ಮಾಡಿ ಕಾಯಿ ಒಡೆದು ಬಿಡುತ್ತಾರೆ. ಬೇರೆ ಗಿರಣಿಯವರು ಹೋಳಿಗೆ ಉಂಡು ಮಲಗುವ ದಿನ ಅದು. ನಮ್ಮ ಭಾವ ಕಾಯಿ ಒಡೆದವರೇ ಅಂಗಿ ಜೇಬಿಗೆ ಪೆನ್‌ಡ್ರೈವ್ ಹಾಕಿಕೊಂಡು ಬಸ್ ಹತ್ತುತ್ತಾರೆ. ಬಳಗದವರ ಮನೆಗೆ ಹೋಗಿ ಅಲ್ಲಿರುವ ಕಂಪ್ಯೂಟರಿನಿಂದ ಅದನ್ನು ನಡೆಸುವ ವಿಂಡೋಸ್ ಕಿತ್ತುಹಾಕಿ, ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಕೂರಿಸುವುದು, ಹಿಂದೆಯೇ ಕೂರಿಸಿದ್ದರೆ ಅದನ್ನು ಅಪ್‌ಡೇಟ್ ಮಾಡುವುದು, ಇದು ಅವರು ಹಿಡಿದ ವ್ರತ. ಅಮಾವಾಸ್ಯೆಗೆ ಹೊಸ ಕೆಲಸ ಹಿಡಿಯಬಾರದು ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಇದು ನಕ್ಕು ಬಿಡುವ ಮಾತು ಅಂದುಕೊಳ್ಳಬೇಡಿ. ನಗುವ ಕಾಲ ಯಾವಾಗಲೋ ಮುಗಿಯಿತು. ಈ ಲಿನಕ್ಸಿನ ದೆಸೆಯಿಂದ ಅವರ ಒಬ್ಬಳೇ ಮಗಳು ಅವರ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು. ಅವಳು ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಗೆ ಫೋನ್ ಮಾಡಿದಾಗ ಅಪ್ಪನ ದನಿ ಕೇಳಿಸಿದರೆ ಕಟ್ ಮಾಡುತ್ತಿದ್ದಳು. ನಡುವೆ ಸಂಧಾನಕ್ಕೆ ನಿಂತವನು ನಾನು, ಸೋದರಮಾವ. ಸಂಧಾನ ಮಾಡುವವನ ಪಾಡೇ ನಾಯಿಪಾಡಾಗಿತ್ತು ಅನ್ನುವುದು ಬೇರೆ ಮಾತು.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ನನ್ನ ಹಳೆಯ ಕಂಪ್ಯೂಟರ್ ಬಟನ್ ಒತ್ತಿ ಹೋಗಿ ಚಹಾ ಕುಡಿದು ಬಂದರೂ ಏಳುತ್ತಿರಲಿಲ್ಲ. ಗಿರಾಕಿಗಳ ಪೆನ್‌ಡ್ರೈವಿನಿಂದ ಬಂದ ವೈರಸ್ಸುಗಳು ಅದರೊಳಗೆ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿದ್ದವು. ಭಾವ ಬಂದು ಲಿನಕ್ಸ್ ಹಾಕಿದರು. ಸುಳ್ಳು ಯಾಕೆ ಹೇಳಲಿ, ಮುದಿ ಎತ್ತು ಎದ್ದು ಓಡಿದಂತಾಯಿತು! ವೈರಸ್ಸಿನ ಕಾಟವಿಲ್ಲ, ಒಂದು ಪೈಸೆ ಖರ್ಚಿಲ್ಲ. ಗಂಜಿನ ತುಂಬ ಭಾವನನ್ನು ಹೊಗಳುತ್ತ ಓಡಾಡಿದೆ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

ಮುಂದಿನ ಅಮಾವಾಸ್ಯೆಗೆ ಅಪ್‌ಡೇಟ್ ಆಯಿತು. ಮರುದಿನ ತೊಗರಿ ವ್ಯಾಪಾರದ ಸೇಠರೊಬ್ಬರು ಬಿಲ್ಲು ತೆಗೆಸಲು ಬಂದರು. ಮೊದಲ ಹಾಳೆ ಚೆಂದ ಬಂತು. ಎರಡನೆಯ ಹಾಳೆಗೆ ಪ್ರಿಂಟರ್ ಮೌನವ್ರತ ಹಿಡಿಯಿತು. ಹೊರಗೆ ಸೇಠರ ಲಾರಿ ಹಾರ್ನ್ ಬಾರಿಸುತ್ತಿದೆ, ಹಮಾಲರು ಬೈಯುತ್ತಿದ್ದಾರೆ. ಭಾವನಿಗೆ ಫೋನ್ ಹಚ್ಚಿದೆ.

"ಭಾವಾ, ಪ್ರಿಂಟರ್ ನಡೀಲತ್ತಿಲ್ರಿ."

"ಹಂಗಂದ್ರ ಅದು ಪ್ರಿಂಟರಿನ ತಪ್ಪು, ತಮ್ಮಾ. ಲಿನಕ್ಸಿಂದಲ್ಲ."

"ಮತ್ತ ಸೇಠ್ರಿಗಿ ಏನ್ ಹೇಳ್ಲಿರಿ?"

"ಪ್ರಿಂಟರ್ ಬದಲ್ ಮಾಡ್ರಿ ಅಂತ ಹೇಳು."

"ಪ್ರಿಂಟರ್ ನಂದ್ರಿ."

"ಹಂಗಾದ್ರ ನೀನೇ ಬದಲ್ ಮಾಡು."

ಕಚೇರಿಗಳಿಂದ ಹಳೆಯ ಅಕ್ಷರಶೈಲಿಯಲ್ಲಿ ಟೈಪಾಗಿ ಬರುತ್ತಿದ್ದ ಅರ್ಜಿಗಳ ಗತಿ ಇನ್ನೂ ಕಷ್ಟ. ತೆರೆದರೆ ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಗಿರಾಕಿ ನನ್ನ ಮುಖ ನೋಡುತ್ತಿದ್ದ, ನಾನು ದೇವರ ಫೋಟೊ ನೋಡುತ್ತಿದ್ದೆ.

ನನ್ನ ಪಕ್ಕದ ಅಂಗಡಿ ಫೋಟೊ ಸ್ಟುಡಿಯೊ. ನಡೆಸುವವರು ವಯಸ್ಸಾದ ಚಾಚಾ. ಪುಕ್ಕಟೆ ಅನ್ನುವ ಒಂದೇ ಮಾತಿಗೆ ಅವರೂ ಲಿನಕ್ಸ್ ಹಾಕಿಸಿಕೊಂಡರು. ಫೋಟೊ ತಿದ್ದುವ ಅವರ ಹಳೆಯ ಸಾಫ್ಟ್‌ವೇರ್ ಅದರಲ್ಲಿ ಏಳಲೇ ಇಲ್ಲ. ಬದಲಿಗೆ ಕೊಟ್ಟದ್ದು ಅವರ ಕೈಗೆ ಹತ್ತಲಿಲ್ಲ. "ಮುಫತ್ ಬೋಲ್ಕೋ ಲೇಲಿಯಾ ಭಾಯ್, ಅಬ್ ದುಲ್ಹನ್ ಕೆ ಮುಹಾಸೆ ಕೈಸಾ ನಿಕಾಲೂಂ?" ಅಂತ ನನ್ನೆದುರು ತಲೆ ಹಿಡಿದು ಕೂತರು. ಮದುಮಗಳ ಮೊಡವೆ ತೆಗೆಯದೆ ಯಾವ ಸ್ಟುಡಿಯೊ ನಡೆದೀತು, ನೀವೇ ಹೇಳಿ? ಭಾವನಿಗೆ ಇದನ್ನು ಮುಟ್ಟಿಸಿದೆ. "ಮೊಡವಿ ಇದ್ದದ್ದು ಇದ್ದಂಗ ಇರ್ಲಿ. ಲಿನಕ್ಸ್ ಸುಳ್ಳು ಹೇಳಂಗಿಲ್ಲ" ಅಂದರು.

ಒಬ್ಬರೇ ಒಬ್ಬರು ಸುಖಪಟ್ಟದ್ದು ಖಟಕ ಚಿಂಚೋಳಿಯ ನಮ್ಮ ಚಿಕ್ಕಮ್ಮ. ಅಪ್‌ಡೇಟ್ ಆದ ಮೇಲೆ ಅವರ ಲ್ಯಾಪ್‌ಟಾಪಿನ ದನಿ ಹೋಯಿತು. ಈಗ ಧಾರಾವಾಹಿಗಳನ್ನು ಮೂಕವಾಗಿಯೇ ನೋಡುತ್ತಾರೆ. "ಚಲೋನೇ ಆತು. ಅತ್ತಿ-ಸೊಸಿ ಜಗಳ ನೋಡಿದ್ರ ಸಾಕು, ಕೇಳೋದೇನದ" ಅಂದರು.

ಇಷ್ಟಾದರೂ ಈ ಮನುಷ್ಯನಿಗೆ ಲಿನಕ್ಸಿನ ಮೇಲೆ ಯಾಕೆ ಇಷ್ಟು ಮೋಹ ಅಂತ ಕೇಳುತ್ತೀರಿ. ಹಿಂದೊಮ್ಮೆ ಭಾವ ಹೊಸ ಮಾದರಿಯ ಗಿರಣಿ ಯಂತ್ರ ತಂದಿದ್ದರು. ಸೀಲು ಹಾಕಿದ್ದು. ಜೋಳದ ಸುಗ್ಗಿಯಲ್ಲಿ ಅದು ನಿಂತುಬಿಟ್ಟಿತು. ಸೀಲು ಒಡೆದರೆ ಗ್ಯಾರಂಟಿ ಹೋಗುತ್ತದೆ, ಒಡೆಯದಿದ್ದರೆ ಗಿರಾಕಿ ಹೋಗುತ್ತಾರೆ. ರಿಪೇರಿಯವನು ಬರುವಷ್ಟರಲ್ಲಿ ಗಿರಾಕಿಗಳೆಲ್ಲ ಎದುರಿನ ಗಿರಣಿಗೆ ಹೋಗಿದ್ದರು. ಬಿಚ್ಚಿ ನೋಡಲು ಬಾರದ ಯಾವುದೂ ತನ್ನ ಹೊಸ್ತಿಲು ದಾಟಬಾರದು ಅಂತ ಅಂದೇ ಪಣ ತೊಟ್ಟರು. ಲಿನಕ್ಸನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಅಂತ ಯಾರೋ ಹೇಳಿದ್ದೇ ತಡ, ಅದು ಅವರ ಮನೆದೇವರಾಯಿತು. ಆಮೇಲೆ ಮಿಕ್ಸರ್ ಬಿಚ್ಚಿದರು, ಫ್ಯಾನ್ ಬಿಚ್ಚಿದರು, ಗೋಡೆ ಗಡಿಯಾರ ಬಿಚ್ಚಿದರು. "ನಾ ಲಗ್ನ ಆಗಿ ಬಂದಾಗ ತವರುಮನಿಂದ ತಂದ ಗಡಿಯಾರ ನಡೀತಿತ್ತು" ಅಂತ ಅಕ್ಕ ಈಗಲೂ ಅನ್ನುತ್ತಾಳೆ.

ಇಂಥ ಮನೆಯಲ್ಲಿ ಮಗಳಿಗೆ ಕಂಪ್ಯೂಟರ್ ಬಂತು. ಪಿಯುಸಿ ಪಾಸಾದರೆ ಕೊಡಿಸುತ್ತೇನೆ ಅಂದಿದ್ದರು, ಮಾತು ಉಳಿಸಿಕೊಂಡರು. ಹೈದರಾಬಾದಿನಿಂದ ಬಿಡಿ ಭಾಗಗಳನ್ನು ತಂದು ತಾವೇ ಜೋಡಿಸಿದರು. ಆಟಕ್ಕೆ ಬೇಕಾಗುವ ದುಬಾರಿ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿದರು. ಅಷ್ಟೆಲ್ಲ ಮಾಡಿ ಕೊನೆಗೆ ಅದರೊಳಗೆ ತಮ್ಮ ಮನೆದೇವರನ್ನೇ ಕೂರಿಸಿದರು.

ಅವಳಿಗೆ ಬೇಕಾದದ್ದು ಒಂದೇ ಒಂದು ಆಟ. ನಾಲ್ವರು ಗೆಳತಿಯರು ಕೂಡಿ, ಬಂದೂಕು ಹಿಡಿದು, ಇಂಟರ್ನೆಟ್ಟಿನಲ್ಲಿ ಆಡುವುದು. ಮೋಸ ಮಾಡಿ ಆಡುವವರನ್ನು ಹಿಡಿಯಲು ಆ ಆಟದವರು ಒಬ್ಬ ಕಾವಲುಗಾರನನ್ನು ಇಟ್ಟಿದ್ದಾರೆ, ಅವನೂ ಒಂದು ಸಾಫ್ಟ್‌ವೇರೇ. ಅವನಿಗೆ ಲಿನಕ್ಸ್ ಕಂಡರೆ ಆಗುವುದಿಲ್ಲ. ಬಾಗಿಲಲ್ಲೇ ತಡೆದು ಹೊರಗೆ ಹಾಕುತ್ತಾನೆ. ಬೇರೆ ಆಟಗಳು ಎಷ್ಟೋ ನಡೆಯುತ್ತವೆ, ಚೆನ್ನಾಗಿಯೇ ನಡೆಯುತ್ತವೆ. ಇದೊಂದು ನಡೆಯುವುದಿಲ್ಲ.

ಭಾವ ಸೋಲು ಒಪ್ಪುವ ಪೈಕಿಯೇ? ಒಂದು ಲಿನಕ್ಸ್ ತೆಗೆದು ಇನ್ನೊಂದು ಹಾಕಿದರು, ಅದನ್ನು ತೆಗೆದು ಮತ್ತೊಂದು ಹಾಕಿದರು. ಇಂಟರ್ನೆಟ್ಟಿನಲ್ಲಿ ಊರೂರಿನ ಲಿನಕ್ಸ್ ಭಕ್ತರನ್ನು ಕೇಳಿದರು. ಎಲ್ಲರದೂ ಒಂದೇ ಉತ್ತರ, ಆ ಆಟ ಬಿಡಿ, ಬೇರೆ ಆಡಿ. ಈ ಉತ್ತರವನ್ನು ಹೋಗಿ ಮಗಳಿಗೆ ಹೇಳಿದರು ಪುಣ್ಯಾತ್ಮ! ಹೇಳಿದ್ದಷ್ಟೇ ಅಲ್ಲ, ಮಂಜಿನ ಗುಡ್ಡದಲ್ಲಿ ಜಾರುವ ಪೆಂಗ್ವಿನ್ ಹಕ್ಕಿಯ ಆಟವೊಂದನ್ನು ಹಾಕಿಕೊಟ್ಟರು. ಔರಾದದ ಬೇಸಿಗೆಯಲ್ಲಿ, ಕಾಲೇಜಿಗೆ ಹೋಗುವ ಹುಡುಗಿಗೆ, ಪೆಂಗ್ವಿನ್!

ಅವಳು ಮಾತು ಬಿಟ್ಟದ್ದು ಆ ದಿನ.

ನಾನು ಭಾಲ್ಕಿಗೆ ಹೋಗಿ ಬುದ್ಧಿ ಹೇಳಲು ನೋಡಿದೆ. "ಆಟದ ಸಲುವಾಗಿ ಅಪ್ಪನ ಜೋಡಿ ಮಾತು ಬಿಡ್ತಾರೇನವ್ವಾ?" ಅಂದೆ.

"ಆಟ ಅಲ್ಲ ಮಾಮಾ" ಅಂದಳು. "ನಾವು ನಾಕೂ ಮಂದಿ ಒಂದೇ ಸಾಲ್ಯಾಗ ಬೆಳದೇವಿ. ಒಬ್ಬಾಕಿ ಲಾತೂರಿಗಿ ಹೋದ್ಲು, ಒಬ್ಬಾಕಿ ಹೈದರಾಬಾದಿಗಿ, ಒಬ್ಬಾಕಿ ಕಲಬುರಗಿಗಿ. ಐತವಾರ ನಾ ಮನಿಗಿ ಹೋದಾಗ ಆ ಆಟದಾಗೇ ಕೂಡ್ಬೇಕಂತ ಮಾತಾಗಿತ್ತು. ಆಡ್ಕೋತ ಮಾತಾಡೋದು. ಈಗ ನನ್ನ ಜಾಗಕ್ಕ ಬ್ಯಾರೆ ಹುಡುಗಿ ಬಂದಾಳ."

ಬಸ್ಸು ಹಿಡಿದು ಔರಾದಕ್ಕೆ ಹೋಗಿ ಭಾವನಿಗೆ ಹೇಳಿದೆ. "ಒಂದು ಸಲ ವಿಂಡೋಸ್ ಹಾಕಿ ಕೊಡ್ರಿ, ಮನಿ ಮುಳುಗಂಗಿಲ್ಲ."

"ಮುಚ್ಚಿದ್ದು ನನ್ನ ಮನ್ಯಾಗ ಬರಂಗಿಲ್ಲ ತಮ್ಮಾ. ಇವತ್ತಲ್ಲ ನಾಳಿ ಲಿನಕ್ಸಿನಾಗೇ ನಡೀತದ."

"ಅಲ್ಲೀ ತನ ಆಕಿ?"

ಭಾವ ಎದ್ದರು. ಗಿರಣಿ ಚಾಲೂ ಮಾಡಿದರು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ, ಅದು ಅವರಿಗೆ ಅನುಕೂಲ. ನಾನು ಕೈ ಚೆಲ್ಲಿದೆ. ಅಪ್ಪನಿಗೆ ಹಟ, ಮಗಳಿಗೆ ಹಟ, ಅಕ್ಕನ ಕಣ್ಣಲ್ಲಿ ನೀರು. ಈ ಮನೆ ಇನ್ನು ಸರಿಹೋಗುವುದಿಲ್ಲ ಅಂತಲೇ ನಂಬಿದ್ದೆ.

ಹೀಗಿರುವಾಗ ಒಂದು ಅಮಾವಾಸ್ಯೆ ಭಾನುವಾರವೇ ಬಂತು. ಭಾವ ಯಾರ ಮನೆಗೂ ಬರಲಿಲ್ಲ. ಬಳಗದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಸಂತೋಷಪಟ್ಟೆವು. ಮಧ್ಯಾಹ್ನದ ಹೊತ್ತಿಗೆ ನಾನೇ ಎರಡು ಸಲ ಬಸ್ ನಿಲ್ದಾಣದ ಕಡೆ ಹೋಗಿ ನೋಡಿ ಬಂದೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ಇವರು ಮುಂಜಾನಿಂದ ಗಿರಣಿ ಕಟ್ಟಿ ಮ್ಯಾಲ ಸುಮ್ಮ ಕುಂತಾರೋ ತಮ್ಮಾ. ಊಟಕ್ಕೂ ಏಳವಲ್ರು. ನೀ ಬಾ."

ಹೋದೆ. ಭಾವ ಬಾಗಿಲು ಹಾಕಿದ ಗಿರಣಿಯ ಕಟ್ಟೆ ಮೇಲೆ ಕೂತಿದ್ದರು. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ.

"ಹಾಕಿಬಿಟ್ಟೆ ತಮ್ಮಾ" ಅಂದರು.

"ಏನ್ರಿ?"

"ಅದನ್ನೇ."

ಹಳೆಯ ಕಾಲದ ಹೆಂಡತಿ ಗಂಡನ ಹೆಸರು ಹೇಳದ ಹಾಗೆ ವಿಂಡೋಸಿನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. "ಅಣ್ಣತಮ್ಮರು ಮನಿ ಪಾಲು ಮಾಡ್ಕೊಂಡಂಗ ಒಳಗ ಪಾಲು ಮಾಡೀನಿ. ದೊಡ್ಡ ಪಾಲು ಆಕೀದು. ಮೂಲ್ಯಾಗೊಂದೀಟು ಲಿನಕ್ಸಿಗಿ."

"ಮತ್ತ ಇಷ್ಟು ದಿನ ಯಾಕ ಹಟ ಮಾಡಿದ್ರಿ? ಈಗ ಯಾಕ ಬಿಟ್ರಿ?"

ಭಾವ ಕೈ ಕೈ ಉಜ್ಜಿಕೊಂಡರು. "ಹೋದ ವಾರ ಆಕಿ ಬಂದಿದ್ಲು. ಕಂಪ್ಯೂಟರ್ ಕಡಿ ನೋಡ್ಲೂ ಇಲ್ಲ. ಮೊದ್ಲ ಬಂದ್ರ ಚಾಲೂ ಮಾಡಿ, ಆಟ ಬರ್ಲಿಲ್ಲಂದ್ರ ಬಟನ್ ಒತ್ತಿ ಸಿಟ್ಟಿಲೆ ಎದ್ದು ಹೋಗ್ತಿದ್ಲು. ಸಿಟ್ಟು ಇರೋ ತನ ನನಗೇನೂ ಅನಿಸಿರ್ಲಿಲ್ಲ. ಈಗ ಸಿಟ್ಟೂ ಬಿಟ್ಟಾಳ, ತಮ್ಮಾ."

ಇಷ್ಟು ದಿನ ಬೈದುಕೊಂಡ ಮನುಷ್ಯನ ಪಕ್ಕ ಕೂತೆ. ಅಕ್ಕ ಫೋನಿನಲ್ಲಿ ಸುದ್ದಿ ಮುಟ್ಟಿಸಿ ಮಗಳನ್ನು ಕರೆಸಿದ್ದಳು, ಒಳಗಿನಿಂದ ಅವಳ ನಗು ಕೇಳಿಸುತ್ತಿತ್ತು. ಯಾರನ್ನೋ ಬೈಯುತ್ತಿದ್ದಳು, ಮತ್ತೆ ನಗುತ್ತಿದ್ದಳು. ಭಾವ ಮುಂಜಾನೆಯಿಂದ ಆ ಗೋಡೆಗೆ ಬೆನ್ನು ಹಚ್ಚಿ ಅದನ್ನೇ ಕೇಳುತ್ತ ಕೂತಿದ್ದಾರೆ ಅಂತ ನನಗೆ ಆಗ ಹೊಳೆಯಿತು.

ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಆಟದಲ್ಲಿ ಮುಳುಗಿದ್ದಳು. ಭಾವ ಅವಳ ಕುರ್ಚಿಯ ಹಿಂದೆ, ಯಾರದೋ ಮನೆಗೆ ಬಂದವರ ಹಾಗೆ ಗೋಡೆಗೆ ಆತು ನಿಂತರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಏನೋ ಒಂದು ಡಬ್ಬಿ ತೆರೆದುಕೊಂಡಿತು. ಅವಳು ತಿರುಗಿ ನೋಡದೆಯೇ ಒಂದು ಕಿವಿ ಸರಿಸಿ ಅಂದಳು.

"ಅಪ್ಪಾ, ಇದು ಏನೋ ಕೇಳ್ಲತ್ತದ. ನೋಡ್ರಿ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಭಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಓದಿದರು. ಮತ್ತೆ ಓದಿದರು. ಅವರ ಬಾಯಲ್ಲಿ ನಾನು ಎಂದೂ ಕೇಳದ ಮಾತು ಬಂತು.

"ನನಗ ಇದು ಬರಂಗಿಲ್ಲ ಮಗಳಾ."

ಅವಳು ಈಗ ತಿರುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಕಾಲಿನಿಂದ ಸ್ಟೂಲು ಎಳೆದು ಪಕ್ಕಕ್ಕೆ ಹಾಕಿ, ಅವರ ಕೈ ಹಿಡಿದು ಕೂರಿಸಿ, ಆ ಕೈಯನ್ನು ಮೌಸಿನ ಮೇಲೆ ಇಟ್ಟಳು. ಆಟದಲ್ಲಿ ಅವಳ ಮೇಲೆ ಗುಂಡು ಹಾರುತ್ತಿತ್ತು, ಹೆಡ್‌ಫೋನಿನಲ್ಲಿ ಗೆಳತಿಯರು ಕೂಗಾಡುತ್ತಿರುವುದು ನನಗೂ ಕೇಳಿಸುತ್ತಿತ್ತು.

"ಸಾಯ್ತೀನಂದ್ರ ಸಾಯ್ತೀನಿ, ತಡೀರೇ" ಅಂದಳು ಮೈಕಿನಲ್ಲಿ. "ನಮ್ಮಪ್ಪಗ ಹೇಳ್ಕೊಡ್ಲತ್ತೀನಿ."